ಮುಖಕ್ಕೆ ಹೊಡೆಯಲಾಗದ ಬಲಹೀನತೆ: ಕೊರಿಂಥ ಸಭೆಯ ಒಂದು ಪ್ರಕರಣ

ಕ್ರಿ.ಶ. 55–56ರ ಸುಮಾರಿಗೆ ಗ್ರೀಸಿನ ಕೊರಿಂಥದ ಕ್ರೈಸ್ತ ಸಭೆಯಲ್ಲಿ ಒಂದು ದೂರು ಓಡಾಡುತ್ತಿತ್ತು. ಆ ಸಭೆಯನ್ನು ಕಟ್ಟಿದ ಪೌಲನ ಮೇಲೆಯೇ ಇದ್ದ ದೂರು ಅದು: ‘ಪತ್ರಗಳೇನೋ ಭಾರವಾಗಿವೆ, ಬಿರುಸಾಗಿವೆ, ಎದುರಿಗೆ ಬಂದರೆ ಆಳು ಬಲಹೀನ, ಮಾತು ಲೆಕ್ಕಕ್ಕಿಲ್ಲ.’ ಹೇಳಿದವರ ಹೆಸರು ಉಳಿದಿಲ್ಲ. ಮಾತು ಉಳಿದಿದೆ, ಅದೂ ಪೌಲನೇ ಅದನ್ನು ಆ ಸಭೆಗೆ ಬರೆದ, ಸತ್ಯವೇದದಲ್ಲಿ ಎರಡನೆಯದಾಗಿ ಸೇರಿರುವ ಪತ್ರದಲ್ಲಿ (2 ಕೊರಿಂಥ 10:10, ಅಂದರೆ 10ನೆಯ ಅಧ್ಯಾಯದ 10ನೆಯ ವಚನ) ಎತ್ತಿ ಬರೆದಿದ್ದರಿಂದ.

ಅಲ್ಲಿಂದ ಎರಡು ಅಧ್ಯಾಯ ದಾಟಿದರೆ ‘ನಾನು ಯಾವಾಗ ಬಲಹೀನನೋ ಆಗಲೇ ಬಲವುಳ್ಳವನು’ (12:10) ಎಂಬ ವಾಕ್ಯ ಸಿಗುತ್ತದೆ. ಇದು ಸಭೆಗೆ ಹೋಗುವವರಿಗೆಲ್ಲ ಬಾಯಿಪಾಠ. ದೂರನ್ನು ನೆನಪಿಟ್ಟುಕೊಂಡವರು ಮಾತ್ರ ಕಡಿಮೆ, ತೊಡಕು ಶುರುವಾಗುವುದು ಅಲ್ಲೇ. ಪ್ರಶ್ನೆ ಕಳೆದುಹೋಗಿ ಉತ್ತರವೊಂದೇ ಕೈಯಲ್ಲಿ ಉಳಿದರೆ ಅದಕ್ಕೆ ಯಾವ ಅರ್ಥವನ್ನೂ ಕೂರಿಸಬಹುದು. ಒಬ್ಬರಿಗೆ ಅದು ಸೋತವರನ್ನು ಸಮಾಧಾನ ಮಾಡುವ ಮಾತು, ಇನ್ನೊಬ್ಬರಿಗೆ ಗೆಲುವಿನ ಗುಟ್ಟು. ಇತ್ತ ‘ಕರ್ತನಲ್ಲಿ ಬಲಗೊಳ್ಳಿರಿ’ (ಎಫೆಸ 6:10), ‘ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ’ (ಫಿಲಿಪ್ಪಿ 4:13) ಎಂಬ ಮಾತುಗಳೂ ಅದೇ ಪೌಲನ ಹೆಸರಿನ ಪತ್ರಗಳಲ್ಲಿವೆ. ಹಾಗಾದರೆ ಬಲ ಬೇಕೋ, ಬಲಹೀನತೆ ಬೇಕೋ? ಸತ್ಯವೇದ ಅಧ್ಯಯನದ ಗುಂಪುಗಳಲ್ಲಿ ಈ ಪ್ರಶ್ನೆ ಬಂದಾಗ ‘ದೇವರ ಲೆಕ್ಕವೇ ಬೇರೆ’ ಎಂದು ಮುಗಿಸಿಬಿಡುವುದುಂಟು. ಆ ಲೆಕ್ಕ ಯಾವುದೆಂದು ಪೌಲ ಬಿಡಿಸಿಯೇ ತೋರಿಸಿದ್ದಾನೆ. ಅದಕ್ಕೆ 12ನೆಯ ಅಧ್ಯಾಯದಿಂದ ಶುರು ಮಾಡದೆ 10ರಿಂದ 13ರವರೆಗಿನ ನಾಲ್ಕು ಅಧ್ಯಾಯಗಳನ್ನು ಒಂದೇ ಕಡತದಂತೆ ಓದಬೇಕು. ಬೀಗದ ಕೈ ಇರುವುದು 11:20–21ರಲ್ಲಿ, ಯಾವ ವಾಗ್ದಾನ ವಚನದ ಕಾರ್ಡಿನಲ್ಲೂ ಅಚ್ಚಾಗದ ಎರಡು ವಚನಗಳಲ್ಲಿ ಎಂಬುದು ನಮ್ಮ ವಾದ. (ಇಲ್ಲಿ ವಚನಗಳನ್ನು ಗ್ರೀಕ್ ಮೂಲದ ಅರ್ಥಕ್ಕೆ ಹತ್ತಿರವಾಗಿ ನಮ್ಮ ಮಾತಿನಲ್ಲೇ ಕೊಟ್ಟಿದ್ದೇವೆ.)

ಊರು, ಅದರ ಅಳತೆಗೋಲು

ಹಳೆಯ ಕೊರಿಂಥವನ್ನು ರೋಮನರ ಸೇನಾಪತಿ ಮುಮ್ಮಿಯಸ್ ಕ್ರಿ.ಪೂ. 146ರಲ್ಲಿ ನೆಲಸಮ ಮಾಡಿದ. ನೂರು ವರ್ಷ ಹಾಳು ಬಿದ್ದಿದ್ದ ಆ ಜಾಗದಲ್ಲಿ ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ರೋಮನ್ ವಸಾಹತು ಹೂಡಿದ. ಅಲ್ಲಿಗೆ ಕಳುಹಿಸಿದವರಲ್ಲಿ ಹೆಚ್ಚಿನವರು ದಾಸ್ಯದಿಂದ ಬಿಡುಗಡೆ ಹೊಂದಿದವರು. ಪೂರ್ವಕ್ಕೆ ಕೆಂಖ್ರೆ, ಪಶ್ಚಿಮಕ್ಕೆ ಲೆಖಾಯ ಎಂಬ ಎರಡು ಬಂದರು, ನಡುವೆ ಕಿರಿದಾದ ಭೂಸಂಧಿ. ವ್ಯಾಪಾರದಿಂದ ಹಣ ಹರಿಯಿತು. ವಂಶದ ಹಿರಿಮೆ ಇಲ್ಲದವರ ಊರಿನಲ್ಲಿ ಹೆಸರು ಮಾಡಿದವನೇ ದೊಡ್ಡವನು. ಅಲ್ಲಿಯ ರಂಗಮಂದಿರದ ಹತ್ತಿರ 1929ರಲ್ಲಿ ಒಂದು ಕಲ್ಲುಹಾಸು ಸಿಕ್ಕಿತು. ತನಗೆ ಸಿಕ್ಕ ನಗರಾಧಿಕಾರಿಯ ಹುದ್ದೆಗೆ ಪ್ರತಿಯಾಗಿ ಎರಸ್ತನೆಂಬವನು ಸ್ವಂತ ಖರ್ಚಿನಲ್ಲಿ ಅದನ್ನು ಹಾಸಿಸಿದನೆಂದು ಅದರ ಮೇಲೆ ಕೊರೆದಿದೆ. ಕೊಟ್ಟದ್ದನ್ನು ಕಲ್ಲಿನಲ್ಲಿ ಬರೆಸುವ ಊರು ಅದು. ಎರಡು ವರ್ಷಕ್ಕೊಮ್ಮೆ ಅದರ ಹತ್ತಿರದಲ್ಲೇ ಇಸ್ಥ್ಮಿಯ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವನ ತಲೆಗೆ ಕಿರೀಟ, ಸೋತವನನ್ನು ಕೇಳುವವರಿಲ್ಲ.

ಇಂಥ ಊರಿನಲ್ಲಿ ಉಪದೇಶಕನನ್ನು ಅಳೆಯಲು ಗೊತ್ತಾದ ಅಳತೆಗೋಲುಗಳಿದ್ದವು: ನಿಲುವು, ದನಿ, ಹಾವಭಾವ, ಜೊತೆಗೆ ಅವನು ತೆಗೆದುಕೊಳ್ಳುವ ಸಂಭಾವನೆ. ಹೆಚ್ಚು ತೆಗೆದುಕೊಂಡವನಿಗೆ ಹೆಚ್ಚು ಬೆಲೆ. ಪೌಲ ಈ ಕೊನೆಯದರಲ್ಲೇ ಎಡವಿದ. ಅವನು ಅಕ್ವಿಲ ಪ್ರಿಸ್ಕಿಲ್ಲ ಎಂಬ ದಂಪತಿಯ ಜೊತೆ ಕೂತು ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡ (ಅಪೊಸ್ತಲರ ಕೃತ್ಯಗಳು 18:3). ಕೊರಿಂಥದವರಿಂದ ಕಾಸೂ ಮುಟ್ಟಲಿಲ್ಲ. ಉತ್ತರದ ಮಕೆದೋನ್ಯ ಸೀಮೆಯ ಸಭೆಗಳು ಕಳುಹಿಸಿದ್ದನ್ನು ತೆಗೆದುಕೊಂಡ (2 ಕೊರಿಂಥ 11:9). ಇದು ಎರಡು ಪಟ್ಟು ಅವಮಾನವಾಯಿತು. ಕನ್ನಡದಲ್ಲಿ ಇದಕ್ಕೆ ಸರಿಯಾದ ಒಂದು ಪದವಿದೆ: ಹಂಗು. ಸಿರಿವಂತ ಪೋಷಕ ಕೊಟ್ಟರೆ ತೆಗೆದುಕೊಂಡವನು ಅವನ ಹಂಗಿನಾಳು. ತೆಗೆದುಕೊಳ್ಳದಿದ್ದರೆ ‘ನಿನ್ನ ಸ್ನೇಹ ನನಗೆ ಬೇಡ’ ಎಂದು ಮುಖಕ್ಕೆ ಹೇಳಿದ ಹಾಗೆ. ಪೌಲನಿಗೆ ಹಂಗು ಬೇಡವಾಗಿತ್ತು. ಕೊರಿಂಥದವರಿಗೆ ಅದು ತಾತ್ಸಾರವಾಗಿ ಕಂಡಿತು, ಕೈಕೆಲಸದ ಬಡವನನ್ನು ಗುರುವೆಂದು ಹೇಳಿಕೊಳ್ಳುವ ನಾಚಿಕೆಯೂ ಅದಕ್ಕೆ ಸೇರಿಕೊಂಡಿತು. ‘ನಿಮಗೆ ಭಾರವಾಗಲಿಲ್ಲ ಎಂಬ ಈ ಅನ್ಯಾಯವನ್ನು ನನಗೆ ಕ್ಷಮಿಸಿರಿ’ (12:13) ಎಂದು ಪೌಲ ಬರೆಯುವಷ್ಟು ವಿಷಯ ಬಿಗಡಾಯಿಸಿತ್ತು.

ದಿನಮಾನಗಳ ಲೆಕ್ಕ ಸುಮಾರಾಗಿ ಹೀಗೆ. ಪೌಲ ಕೊರಿಂಥದಲ್ಲಿ ಮೊದಲ ಸಲ ನಿಂತದ್ದು ಒಂದೂವರೆ ವರ್ಷ (ಅಪೊಸ್ತಲರ ಕೃತ್ಯಗಳು 18:11). ಆಗ ಅಖಾಯ ಪ್ರಾಂತ್ಯದ ಅಧಿಪತಿ ಗಲ್ಲಿಯೋನ. ದೆಲ್ಫಿಯಲ್ಲಿ ಸಿಕ್ಕ ಕ್ಲೌದಿಯ ಚಕ್ರವರ್ತಿಯ ಶಾಸನದಿಂದ ಅವನ ಕಾಲ 51–52ರ ಆಸುಪಾಸು ಎಂದು ಗೊತ್ತಾಗುತ್ತದೆ. ಆಮೇಲೆ ಎಫೆಸದಿಂದ ಪತ್ರಗಳು ಹೋದವು. ನಾವು ಮೊದಲನೆಯದೆಂದು ಕರೆಯುವ ಪತ್ರಕ್ಕಿಂತ ಮುಂಚೆಯೇ ಒಂದು ಹೋಗಿತ್ತು (1 ಕೊರಿಂಥ 5:9). ನಡುವೆ ಒಂದು ದುಃಖದ ಭೇಟಿ, ಅದರ ಬೆನ್ನಿಗೆ ಬಹಳ ಕಣ್ಣೀರಿಟ್ಟು ಬರೆದ ಒಂದು ಪತ್ರ (2 ಕೊರಿಂಥ 2:1–4). ಅದನ್ನು ಕಂಡು ಅವರು ಮನಸ್ಸು ತಿರುಗಿಸಿಕೊಂಡರೆಂಬ ಸುದ್ದಿಯನ್ನು ಪೌಲನ ಜೊತೆಗೆಲಸಗಾರ ತೀತ ಮಕೆದೋನ್ಯಕ್ಕೆ ತಂದ (7:5–7). ಆದರೆ 10ನೆಯ ಅಧ್ಯಾಯಕ್ಕೆ ಬಂದರೆ ದನಿ ಥಟ್ಟನೆ ಬದಲಾಗುತ್ತದೆ. ಈ ನಾಲ್ಕು ಅಧ್ಯಾಯಗಳು ಬೇರೆ ಪತ್ರವೇ ಇರಬಹುದು ಎನ್ನುವ ವಿದ್ವಾಂಸರಿದ್ದಾರೆ. ಹಾಗೆ ಬಿಡಿಯಾಗಿ ಇಟ್ಟ ಹಸ್ತಪ್ರತಿ ಯಾವುದೂ ಸಿಕ್ಕಿಲ್ಲ. ನಮ್ಮ ಪ್ರಕರಣಕ್ಕೆ ಎರಡರಲ್ಲಿ ಯಾವುದಾದರೂ ಸರಿಯೇ. ಈ ಹೊತ್ತಿಗೆ ಸಭೆಯೊಳಗೆ ಹೊಸ ಉಪದೇಶಕರು ಬಂದು ಕೂತಿದ್ದರು, ಶಿಫಾರಸು ಪತ್ರಗಳನ್ನು ಹಿಡಿದು ಬರುವಂಥವರು (3:1). ಇಬ್ರಿಯರೆಂಬ ಹೆಮ್ಮೆಯವರು (11:22), ಸಂಬಳ ತೆಗೆದುಕೊಳ್ಳುವವರು. ಪೌಲ ಅವರನ್ನು ‘ಅತಿಶ್ರೇಷ್ಠ ಅಪೊಸ್ತಲರು’ ಎಂದು ಕರೆಯುತ್ತಾನೆ, ಹೆಸರು ಹೇಳುವುದಿಲ್ಲ.

ಹದಿನಾಲ್ಕು ಸಲ ಬಂದ ಒಂದು ಪದ

ಬಲಹೀನತೆಗೆ ಗ್ರೀಕಿನಲ್ಲಿ ‘ಅಸ್ಥೆನೆಯ’ ಎನ್ನುತ್ತಾರೆ, ಕಸುವು ಇಲ್ಲದಿರುವುದು ಎಂದರ್ಥ. ಕಾಯಿಲೆಗೂ ಅದೇ ಪದ. 2 ಕೊರಿಂಥದ ಮೊದಲ ಒಂಬತ್ತು ಅಧ್ಯಾಯಗಳಲ್ಲಿ ಈ ಪದವಾಗಲಿ ಅದರಿಂದ ಹುಟ್ಟಿದ ರೂಪಗಳಾಗಲಿ ಒಮ್ಮೆಯೂ ಬರುವುದಿಲ್ಲ. ಕೊನೆಯ ನಾಲ್ಕರಲ್ಲಿ 14 ಸಲ ಬರುತ್ತವೆ. ಪೆನ್ಸಿಲ್ ಹಿಡಿದು ಒಂದೊಂದಕ್ಕೂ ಗೆರೆ ಎಳೆಯಿರಿ: 10:10ರಲ್ಲಿ ಒಂದು, 11:21ರಲ್ಲಿ ಒಂದು, 11:29ರಲ್ಲಿ ಎರಡು, 11:30ರಲ್ಲಿ ಒಂದು, 12:5ರಲ್ಲಿ ಒಂದು, 12:9ರಲ್ಲಿ ಎರಡು, 12:10ರಲ್ಲಿ ಎರಡು, 13:3ರಲ್ಲಿ ಒಂದು, 13:4ರಲ್ಲಿ ಎರಡು, 13:9ರಲ್ಲಿ ಒಂದು. ಆಮೇಲೆ ಪ್ರತಿ ಗೆರೆಯ ಪಕ್ಕದಲ್ಲಿ ಮೂರು ಸಣ್ಣ ಪ್ರಶ್ನೆ ಬರೆದುಕೊಳ್ಳಿ. ಯಾರ ಬಲಹೀನತೆ? ಯಾರ ಕಣ್ಣಿಗೆ? ಅದರಿಂದ ಯಾರಿಗೆ ಏನಾಯಿತು? ಕನ್ನಡ ಅನುವಾದಗಳಲ್ಲಿ ಇದೇ ಪದ ಕೆಲವು ಕಡೆ ‘ಬಲಹೀನತೆ’, ಕೆಲವು ಕಡೆ ‘ನಿರ್ಬಲ’ ಎಂದು ಬರುವುದರಿಂದ ಕಣ್ತಪ್ಪುವ ಸಂಭವವಿದೆ, ಎರಡಕ್ಕೂ ಗೆರೆ ಎಳೆಯಬೇಕು.

ಇಷ್ಟು ಮಾಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮೊದಲ ಗೆರೆ ಪೌಲನ ಮಾತಿಗೆ ಬೀಳುವುದಿಲ್ಲ. ‘ಬಲಹೀನ’ ಎಂಬುದು ಎದುರಾಳಿಗಳು ಎಸೆದ ಕಲ್ಲು. ಪೌಲ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಇನ್ನು ಹದಿಮೂರು ಸಲ ಬಳಸಿದ. ಆಧ್ಯಾತ್ಮಿಕ ಸದ್ಗುಣಗಳ ಪಟ್ಟಿಯಿಂದ ಆರಿಸಿ ತಂದ ಪದ ಅದಲ್ಲ. ಈ ಅಧ್ಯಾಯಗಳಲ್ಲಿ ಅದು ಪಾಪಕ್ಕೆ ಹೆಸರಾಗಿಲ್ಲ, ಸೋಮಾರಿತನಕ್ಕೂ ಹೆಸರಾಗಿಲ್ಲ. 1 ಕೊರಿಂಥ 8ರಲ್ಲಿ ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಲು ಅಂಜುವ ‘ಬಲಹೀನ ಮನಸ್ಸಾಕ್ಷಿ’ಯೂ ಬೇರೆಯ ವಿಷಯ. ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬಿದಾಗಲೇ ವಿರೋಧಾಭಾಸ ಇರುವುದಕ್ಕಿಂತ ದೊಡ್ಡದಾಗಿ ಕಾಣುವುದು.

ಈಗ ಎರಡನೆಯ ಗೆರೆ. 11:20ರಲ್ಲಿ ಪೌಲ ಹೊಸ ಉಪದೇಶಕರ ನಡವಳಿಕೆಯನ್ನು ಐದು ಕ್ರಿಯಾಪದಗಳಲ್ಲಿ ಹೇಳುತ್ತಾನೆ. ಒಬ್ಬನು ನಿಮ್ಮನ್ನು ದಾಸರನ್ನಾಗಿ ಮಾಡಿಕೊಂಡರೂ, ನಿಮ್ಮನ್ನು ತಿಂದುಹಾಕಿದರೂ, ಬಲೆಗೆ ಹಾಕಿಕೊಂಡರೂ, ನಿಮ್ಮ ಮೇಲೆ ಏರಿ ಕೂತರೂ, ನಿಮ್ಮ ಮುಖಕ್ಕೆ ಹೊಡೆದರೂ ಸಹಿಸಿಕೊಳ್ಳುತ್ತೀರಿ. ಮುಂದಿನ ವಾಕ್ಯ: ‘ನಾಚಿಕೆಯಿಂದ ಹೇಳುತ್ತೇನೆ, ಅಷ್ಟು ಮಾಡಲು ನಾವು ಬಲಹೀನರಾಗಿದ್ದೆವು!’ ಪೌಲನ ಬಾಯಿಂದ ‘ಬಲಹೀನ’ ಮೊದಲ ಸಲ ಹೊರಡುವುದು ಇಲ್ಲಿಯೇ. ಹೊರಟಾಗ ಅದರ ಅರ್ಥ ಏನು? ನಿಮ್ಮನ್ನು ಶೋಷಿಸಲಿಲ್ಲ, ಹೊಡೆಯಲಿಲ್ಲ ಎಂದು. ಎದುರಾಳಿಗಳ ನಿಘಂಟಿನಲ್ಲಿ ಬಲವೆಂದರೆ ಇನ್ನೊಬ್ಬರ ಮೇಲೆ ಏರಿ ಕೂರುವ ಸಾಮರ್ಥ್ಯ. ಆ ನಿಘಂಟಿನ ಪ್ರಕಾರ ಪೌಲ ಬಲಹೀನ, ಅದನ್ನು ಅವನು ಒಪ್ಪಿಕೊಳ್ಳುತ್ತಾನೆ. ಮುಂದೆ ಬರುವ 12:9, 12:10ರ ಮಾತುಗಳೆಲ್ಲ ಈ ಒಪ್ಪಿಗೆಯ ಮೇಲೆ ನಿಂತಿವೆ.

ತಲೆಕೆಳಗಾದ ಬಿರುದಾವಳಿ

ಆಮೇಲೆ ಪೌಲ ‘ಬುದ್ಧಿಯಿಲ್ಲದವನಂತೆ’ ಹೆಚ್ಚಳಪಡಲು ಶುರು ಮಾಡುತ್ತಾನೆ. ‘ಹೆಚ್ಚಳಪಡು’ ಕನ್ನಡ ಸತ್ಯವೇದದ ಓದುಗರಿಗೆ ಚಿರಪರಿಚಿತ ಪದ: ಕೊಚ್ಚಿಕೊಳ್ಳುವುದೂ ಅದರೊಳಗಿದೆ, ಸಂತೋಷದಿಂದ ಬೀಗುವುದೂ ಇದೆ. ಗ್ರೀಕ್ ಪದಕ್ಕೂ ಅದೇ ಎರಡು ಮುಖ. ಹಿಂದೆ 10:17ರಲ್ಲಿ ಯೆರೆಮೀಯ 9:24ರ ಮಾತನ್ನು ಎತ್ತಿಕೊಂಡು, ಹೆಚ್ಚಳಪಡುವವನು ಕರ್ತನಲ್ಲೇ ಹೆಚ್ಚಳಪಡಲಿ ಎಂದು ಬೇಲಿ ಹಾಕಿಯೇ ಇಲ್ಲಿಗೆ ಬಂದಿದ್ದಾನೆ.

ರೋಮ್ ಸಾಮ್ರಾಜ್ಯದಲ್ಲಿ ಸಾಧನೆಗಳನ್ನು ಎಣಿಸಿ ಸಾರುವ ಒಂದು ಪದ್ಧತಿ ಇತ್ತು. ಔಗುಸ್ತ ಚಕ್ರವರ್ತಿ ತನ್ನ ಸಾಧನೆಗಳ ಶಾಸನದಲ್ಲಿ ಮೂರು ಸಲ ವಿಜಯರಥದ ಮೆರವಣಿಗೆ, 21 ಸಲ ಜಯಶಾಲಿ ಸೇನಾಧಿಪತಿಯೆಂಬ ಘೋಷಣೆ ಎಂದು ಲೆಕ್ಕ ಬರೆಸಿದ್ದಾನೆ. ಪೌಲನ ಪಟ್ಟಿಯಲ್ಲೂ ಲೆಕ್ಕವಿದೆ (11:24–25). ಯೆಹೂದ್ಯರಿಂದ ಐದು ಸಲ ಒಂದು ಕಡಿಮೆ ನಲವತ್ತು ಏಟು. ಧರ್ಮೋಪದೇಶಕಾಂಡ 25:3 ನಲವತ್ತರ ಮೇಲೆ ಹೊಡೆಯಬಾರದೆಂದು ಕಟ್ಟು ಹಾಕುತ್ತದೆ, ಎಣಿಕೆ ತಪ್ಪಿದರೂ ಮೀರದಿರಲೆಂದು 39ಕ್ಕೆ ನಿಲ್ಲಿಸುತ್ತಿದ್ದರು. ಐದು ಸಲಕ್ಕೆ 195 ಏಟು. ಮೂರು ಸಲ ರೋಮನ್ ಅಧಿಕಾರಿಗಳ ಕೋಲಿನ ಪೆಟ್ಟು. ಒಂದು ಸಲ ಕಲ್ಲೆಸೆತ. ಮೂರು ಸಲ ಹಡಗು ಒಡೆದದ್ದು, ಒಂದು ರಾತ್ರಿ ಒಂದು ಹಗಲು ಸಮುದ್ರದ ನೀರಿನಲ್ಲಿ. ಅಪೊಸ್ತಲರ ಕೃತ್ಯಗಳು 27ರ ಮಾಲ್ಟಾ ಬಳಿಯ ಹಡಗೊಡೆತ ಇದರಲ್ಲಿ ಸೇರಿಲ್ಲ, ಅದು ನಡೆದದ್ದು ಈ ಪತ್ರದ ನಂತರ. ಅಂಕಿಯೂ ಎಣಿಸುವ ಧಾಟಿಯೂ ಚಕ್ರವರ್ತಿಯದೇ, ಎಣಿಸಿದ್ದು ಮಾತ್ರ ಬೆನ್ನ ಮೇಲಿನ ಬಾಸುಂಡೆ.

ಪಟ್ಟಿ ಏಟುಗಳಲ್ಲೇ ಮುಗಿದಿದ್ದರೆ ಅದೂ ಒಂದು ಬಗೆಯ ಶೌರ್ಯದ ಪ್ರದರ್ಶನವಾಗುತ್ತಿತ್ತು. ಪೌಲ ಅಲ್ಲಿ ನಿಲ್ಲಿಸಲಿಲ್ಲ. ದಿನದಿನವೂ ತನ್ನನ್ನು ಒತ್ತುವ ಎಲ್ಲ ಸಭೆಗಳ ಚಿಂತೆಯನ್ನು ಹೇಳಿ, ‘ಯಾರು ಬಲಹೀನರಾದರೂ ನಾನು ಬಲಹೀನನಾಗದೆ ಇದ್ದೇನೆಯೇ?’ (11:29) ಎನ್ನುತ್ತಾನೆ. ಇಲ್ಲಿ ಪದ ಇನ್ನೊಂದು ಅರ್ಥಕ್ಕೆ ಹೊರಳಿತು: ಇನ್ನೊಬ್ಬರ ನಿತ್ರಾಣ ತನ್ನ ಮೈಗೂ ಹತ್ತುವುದು.

ಕೊನೆಗೆ ದಮಸ್ಕದ ಘಟನೆ. ಅರೇತ ರಾಜನ ಅಧಿಕಾರಿ ಊರನ್ನು ಕಾಯುತ್ತಿದ್ದಾಗ ಪೌಲನನ್ನು ಗೋಡೆಯ ಕಿಟಕಿಯಿಂದ ಹೆಡಿಗೆಯಲ್ಲಿ ಕೆಳಗಿಳಿಸಿದರು (11:32–33). ಇದು ಯಾಕೆ ಇಲ್ಲಿದೆ ಎಂದು ಓದುಗರು ಗೊಂದಲಪಡುವುದುಂಟು. ವೈರಿಯ ಕೋಟೆಗೋಡೆಯನ್ನು ಮೊದಲು ಹತ್ತಿದ ಸೈನಿಕನಿಗೆ ರೋಮನರು ಗೋಡೆಯ ಆಕಾರದ ಕಿರೀಟ ತೊಡಿಸುತ್ತಿದ್ದರು. ಪೌಲ ಮೊದಲಿಗನಾಗಿ ಗೋಡೆ ಇಳಿದದ್ದನ್ನು ಹೇಳಿಕೊಳ್ಳುತ್ತಿದ್ದಾನೆ ಎಂಬುದು ಕೆಲವು ವಿದ್ವಾಂಸರ ಸೂಚನೆ. ನಮಗದು ಒಪ್ಪಿತವಾಗುತ್ತದೆ, ಯಾಕಂದರೆ 10:4ರಲ್ಲಿ ಕೋಟೆಗಳನ್ನು ಕೆಡವುವ ಆಯುಧಗಳ ಮಾತು ಆಗಲೇ ಬಂದಿದೆ. ಇನ್ನೊಂದನ್ನೂ ಗಮನಿಸಬೇಕು. ಹೆಡಿಗೆಯಲ್ಲಿ ಕೂತು ಇಳಿದವನು ತಪ್ಪಿಸಿಕೊಂಡವನು. ಏಟು ಬೀಳುವ ಕಡೆ ಹುಡುಕಿಕೊಂಡು ಹೋಗುವ ಪಂಥ ಪೌಲನದಾಗಿರಲಿಲ್ಲ.

ಶೂಲ, ಮೂರು ಬೇಡಿಕೆ, ಒಂದು ಉತ್ತರ

12ನೆಯ ಅಧ್ಯಾಯದಲ್ಲಿ ಎದುರಾಳಿಗಳ ದೊಡ್ಡ ಬಂಡವಾಳಕ್ಕೆ, ಅಂದರೆ ದರ್ಶನಗಳಿಗೆ, ಬರುತ್ತಾನೆ. 14 ವರ್ಷಗಳ ಹಿಂದೆ ಮೂರನೆಯ ಆಕಾಶದವರೆಗೆ ಒಯ್ಯಲ್ಪಟ್ಟ ಒಬ್ಬ ಮನುಷ್ಯನನ್ನು ಬಲ್ಲೆ ಎಂದು ಬೇರೆಯವರ ಕಥೆಯಂತೆ ಹೇಳುತ್ತಾನೆ. ಅಲ್ಲಿ ಕೇಳಿದ್ದನ್ನು ಮನುಷ್ಯರು ಆಡಕೂಡದು. ಹಾಗಾಗಿ ಸಭೆಯ ಕೈಗೆ ಒಂದು ಅಕ್ಷರವೂ ಸಿಗುವುದಿಲ್ಲ.

ಅದರ ಜೊತೆಗೆ ಬಂದದ್ದು ಶರೀರದಲ್ಲಿ ನಾಟಿದ ‘ಸ್ಕೊಲೊಪ್ಸ್’. ಮುಳ್ಳು ಎಂದೂ ಆಗುತ್ತದೆ, ಚೂಪಾದ ಗೂಟ ಎಂದೂ ಆಗುತ್ತದೆ. ಕನ್ನಡ ಸತ್ಯವೇದ ಆರಿಸಿಕೊಂಡ ‘ಶೂಲ’ ತುಂಬ ಒಳ್ಳೆಯ ಆಯ್ಕೆ. ಶೂಲಕ್ಕೇರಿಸುವ ಗೂಟವೂ ಅದೇ, ಹೊಟ್ಟೆಶೂಲೆ, ತಲೆಶೂಲೆ ಎನ್ನುವಾಗಿನ ತಿವಿಯುವ ನೋವೂ ಅದೇ ಬೇರಿನದು. ಕಣ್ಣಿನ ಕಾಯಿಲೆ, ಜ್ವರ, ಎದುರಾಳಿಗಳ ಕಾಟ ಎಂದು ಶತಮಾನಗಳಿಂದ ಊಹೆಗಳು ನಡೆದಿವೆ. ಪೌಲ ಹೆಸರಿಡಲಿಲ್ಲ, ಇಡದೆ ಬಿಟ್ಟದ್ದರಿಂದಲೇ ಎಷ್ಟೋ ಜನರ ನೋವಿಗೆ ಆ ಮಾತು ಹೊಂದಿಕೊಂಡಿತು. ಅವನು ಹೇಳಿದ್ದು ಅದರ ಕೆಲಸವನ್ನು: ‘ನಾನು ಉಬ್ಬಿಹೋಗದಂತೆ’ ಎಂದು ಒಂದೇ ವಚನದಲ್ಲಿ ಎರಡು ಸಲ. ಅದನ್ನು ‘ಸೈತಾನನ ದೂತ’ ಎಂದೂ ಕರೆದ. ನೋವನ್ನು ಒಳ್ಳೆಯದೆಂದು ಕರೆಯಲಿಲ್ಲ. ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡ.

ಉತ್ತರವನ್ನು ಪರಿಚಯಿಸುವ ಕ್ರಿಯಾಪದದ ಕಾಲವನ್ನು ನೋಡಿ. ‘ಹೇಳಿದನು’ ಎಂದರೆ ಹೇಳಿ ಮುಗಿಯಿತು. ಗ್ರೀಕಿನ ರೂಪ ಹೆಚ್ಚು ಹೊಂದುವುದು ನಮ್ಮ ‘ಹೇಳಿದ್ದಾನೆ’ಗೆ: ಹೇಳಿದ್ದು ಇವತ್ತಿಗೂ ನಿಂತಿದೆ, ನಾಲ್ಕನೆಯ ಸಲ ಕೇಳಬೇಕಿಲ್ಲ. ಹೇಳಿದ್ದು ಏನು? ‘ನನ್ನ ಕೃಪೆ ನಿನಗೆ ಸಾಕು, ಬಲವು ಬಲಹೀನತೆಯಲ್ಲಿ ಪೂರ್ಣಗೊಳ್ಳುತ್ತದೆ.’ ಈ ವಾಕ್ಯದಲ್ಲಿ ‘ನನ್ನ ಬಲ’ ಎಂಬುದು ಕೆಲವು ಅನುವಾದಗಳಲ್ಲಿದೆ, ಕೆಲವುಗಳಲ್ಲಿ ಬರೀ ‘ಬಲ’ ಎಂದಿದೆ. ಹಳೆಯ ಮುಖ್ಯ ಹಸ್ತಪ್ರತಿಗಳಲ್ಲಿ ‘ನನ್ನ’ ಇಲ್ಲ, ನಂತರದವು ಅದನ್ನು ಸೇರಿಸಿದವು. ಸೇರಿಸಿದವರ ಆತಂಕ ಅರ್ಥವಾಗುವಂಥದ್ದೇ. ‘ನನ್ನ’ ಇಲ್ಲದಿದ್ದರೆ ಇದನ್ನು ಲೋಕಾರೂಢಿಯ ಗಾದೆಯಾಗಿ, ಕಷ್ಟದಲ್ಲಿ ಮನುಷ್ಯ ಗಟ್ಟಿಯಾಗುತ್ತಾನೆ ಎಂಬಂತೆ, ಓದಿಬಿಡಬಹುದು. ಆದರೆ ಅದೇ ವಚನದ ಉಳಿದರ್ಧ ಆ ದಾರಿಯನ್ನು ಮುಚ್ಚುತ್ತದೆ. ‘ಕ್ರಿಸ್ತನ ಬಲವು ನನ್ನ ಮೇಲೆ ನೆಲಸುವಂತೆ’ ಎಂದಿದೆ. ಅಲ್ಲಿಯ ಕ್ರಿಯಾಪದಕ್ಕೆ ಗುಡಾರ ಹಾಕು ಎಂಬ ಮೂಲಾರ್ಥ. ಮೋಶೆಯ ಕಾಲದ ದೇವದರ್ಶನದ ಗುಡಾರವನ್ನು ಬಲ್ಲ ಓದುಗನಿಗೆ ಮರುಭೂಮಿಯಲ್ಲಿ ಜನರ ನಡುವೆ ಇಳಿದ ಮಹಿಮೆ ನೆನಪಾಗದೆ ಇರದು. ಬರೆದವನು ಗುಡಾರ ಹೊಲಿಯುವ ಕೈಯವನು ಎಂಬುದೂ ನೆನಪಾಗುತ್ತದೆ. ಬಲ ಹೊರಗಿನಿಂದ ಬಂದು ಬಿಡಾರ ಹೂಡಿತು. ಬಲಹೀನತೆ ಅದು ಬಿಡಾರ ಹೂಡಿದ ಜಾಗ. ಜಾಗವೇ ಬಿಡಾರವಾಗುವುದಿಲ್ಲ, ಬಲಹೀನತೆ ತಾನೇ ಬಲವಾಗುವುದೂ ಇಲ್ಲ.

ಹಳೆಯ ಒಡಂಬಡಿಕೆಯಲ್ಲಿ ಇಸ್ರಾಯೇಲ್ಯರ ದಳವನ್ನು ಯುದ್ಧಕ್ಕೆ ನಡೆಸಿದ ಗಿದ್ಯೋನನ ಕಥೆಯಲ್ಲೂ ಇದೇ ಕಾರಣ ಬಿಚ್ಚಿ ಹೇಳಿದೆ. 32,000 ಜನರಲ್ಲಿ ಹೆದರಿದ 22,000 ಜನ ಮನೆಗೆ ಹೋದರು, ಉಳಿದ 10,000ದಲ್ಲಿ ನೀರಿನ ಬಳಿ ಪರೀಕ್ಷೆಯಾಗಿ ನಿಂತವರು 300. ನೂರಕ್ಕೆ ಒಬ್ಬನೂ ಇಲ್ಲ. ‘ನನ್ನ ಕೈಯೇ ನನ್ನನ್ನು ರಕ್ಷಿಸಿತು’ ಎಂದು ಇಸ್ರಾಯೇಲ್ಯರು ಹೆಚ್ಚಳಪಡಬಾರದೆಂದು (ನ್ಯಾಯಸ್ಥಾಪಕರು 7:2). ಕೊನೆಗೆ ಗೆದ್ದದ್ದು ನಿಜವಾದ ಗೆಲುವೇ. ಗೆಲುವು ಯಾರದೆಂಬ ಲೆಕ್ಕ ಮಾತ್ರ ಮೊದಲೇ ಇತ್ಯರ್ಥವಾಗಿತ್ತು.

ಹಾಗಾದರೆ ಬೆದರಿಕೆ ಯಾಕೆ?

ಈ ಪ್ರಕರಣದಲ್ಲಿ ನಿಜವಾಗಿ ಗಟ್ಟಿಯಾದ ಗಂಟು ಇದು. ಇಷ್ಟೆಲ್ಲ ಹೇಳಿದ ಪೌಲ 13:2ರಲ್ಲಿ ‘ಮತ್ತೆ ಬಂದರೆ ಸುಮ್ಮನೆ ಬಿಡುವುದಿಲ್ಲ’ ಎನ್ನುತ್ತಾನೆ. ತನ್ನ ಕೈಯಿಂದ ಅದ್ಭುತಗಳೂ ನಡೆದವು ಎಂದು ನೆನಪಿಸುತ್ತಾನೆ (12:12). ಬಲಹೀನತೆ ಬರೀ ಮಾತಿನ ಅಲಂಕಾರವೇ, ಒಳಗೊಳಗೆ ಅವನಿಗೂ ದಂಡ ಹಿಡಿಯುವ ಆಸೆಯೇ ಎಂಬ ಅನುಮಾನ ನ್ಯಾಯವಾದದ್ದು. ಓದುವವರು ಅದನ್ನು ಮುಚ್ಚಿಡಬಾರದು.

ಬಿಡಿಸಲು ಪಠ್ಯದಲ್ಲೇ ಎಳೆಗಳಿವೆ. ಮೊದಲನೆಯದು ಕ್ರಮ. ‘ಇಬ್ಬರು ಮೂವರು ಸಾಕ್ಷಿಗಳ ಬಾಯಿಂದ ಪ್ರತಿ ಮಾತೂ ಸ್ಥಾಪಿತವಾಗಬೇಕು’ (13:1) ಎಂದು ಧರ್ಮೋಪದೇಶಕಾಂಡ 19:15ರ ವಿಧಿಯನ್ನು ಮುಂದಿಡುತ್ತಾನೆ. ಮುಖಕ್ಕೆ ಹೊಡೆಯುವವನಿಗೆ ಸಾಕ್ಷಿ ಬೇಕಾಗಿರಲಿಲ್ಲ. ಎರಡನೆಯದು ಕಾರಣ. ತನ್ನನ್ನು ಹೀಯಾಳಿಸಿದ್ದಕ್ಕೆ ಶಿಕ್ಷೆಯ ಮಾತಿಲ್ಲ. ಜಗಳ, ಹೊಟ್ಟೆಕಿಚ್ಚು, ಚಾಡಿ, ಪಶ್ಚಾತ್ತಾಪವಿಲ್ಲದ ಹಾದರ ಸಭೆಯನ್ನು ತಿನ್ನುತ್ತಿರುವುದು ಅವನ ಭಯ (12:20–21). ಮೂರನೆಯದು ಮತ್ತು ತೂಕದ್ದು, 13:4. ಕ್ರಿಸ್ತನು ಬಲಹೀನತೆಯಿಂದ ಶಿಲುಬೆಗೆ ಹಾಕಲ್ಪಟ್ಟನು, ಆದರೂ ದೇವರ ಬಲದಿಂದ ಜೀವಿಸುತ್ತಾನೆ. ನಾವೂ ಆತನಲ್ಲಿ ಬಲಹೀನರು, ಆದರೂ ದೇವರ ಬಲದಿಂದ ಆತನೊಂದಿಗೆ ಜೀವಿಸುವೆವು, ‘ನಿಮಗೋಸ್ಕರ’. ಆ ಕೊನೆಯ ಪುಟ್ಟ ಪದವನ್ನು ಓದುವಾಗ ನುಂಗಿಬಿಡುತ್ತಾರೆ. ಬಲ ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದನ್ನು ಅದೇ ಹೇಳುವುದು.

13:9ರಲ್ಲಿ ಕೊನೆಯ ಗೆರೆ ಬೀಳುತ್ತದೆ: ‘ನಾವು ಬಲಹೀನರಾಗಿದ್ದು ನೀವು ಬಲವುಳ್ಳವರಾಗಿದ್ದರೆ ನಮಗೆ ಸಂತೋಷ.’ ಅವರು ತಿದ್ದಿಕೊಂಡರೆ ಪೌಲ ಬಂದು ತನ್ನ ಬಲ ತೋರಿಸುವ ಸಂದರ್ಭವೇ ಇರುವುದಿಲ್ಲ, ಅವನು ಎದುರಾಳಿಗಳು ಹೇಳಿದಂತೆ ಬಲಹೀನನಾಗಿಯೇ ಕಾಣುತ್ತಾನೆ. ಅದನ್ನೇ ಅವನು ಪ್ರಾರ್ಥಿಸುತ್ತಿದ್ದಾನೆ. ಅಧಿಕಾರವಿದ್ದೂ ಅದನ್ನು ಬಳಸುವ ಪ್ರಸಂಗ ಬಾರದಿರಲಿ ಎಂದು ಹಾರೈಸುವ ನಾಯಕನನ್ನು ಕೊರಿಂಥ ಅದುವರೆಗೆ ಕಂಡಿರಲಾರದು. ‘ಕರ್ತನು ನನಗೆ ಅಧಿಕಾರ ಕೊಟ್ಟದ್ದು ಕಟ್ಟುವುದಕ್ಕೆ, ಕೆಡವುವುದಕ್ಕಲ್ಲ’ (13:10). ಇದೇ ಮಾತು 10:8ರಲ್ಲೂ ಇದೆ. ನಾಲ್ಕು ಅಧ್ಯಾಯಗಳ ಎರಡು ತುದಿಯಲ್ಲೂ ಒಂದೇ ಗೂಟ ಹೊಡೆದಿದ್ದಾನೆ.

ಎಲ್ಲಿ ಕೆಡುತ್ತದೆ

ಅತ್ಯಂತ ಹಾನಿ ಮಾಡುವ ತಪ್ಪು, ಇನ್ನೊಬ್ಬರ ಕಷ್ಟಕ್ಕೆ ‘ಇದು ನಿನ್ನ ಶೂಲ, ತಾಳಿಕೊ’ ಎಂದು ಹೆಸರಿಡುವುದು. ಗಂಡನ ಕೈಯಲ್ಲಿ ಪೆಟ್ಟು ತಿನ್ನುವ ಹೆಂಗಸಿಗೆ, ಸಂಬಳ ಸಿಗದ ಕೂಲಿಯವನಿಗೆ 12:9ನ್ನು ಓದಿ ಕಳುಹಿಸುವುದು. ಪೌಲನಿಗೆ ‘ಸಾಕು’ ಎಂದು ಹೇಳಿದವನು ಕರ್ತನು, ನೆರೆಯವನಲ್ಲ, ಸಭೆಯ ಹಿರಿಯನಲ್ಲ. ಅದೂ ಅವನು ಮೂರು ಸಲ ಬೇಡಿಕೊಂಡ ಮೇಲೆ. ಮನುಷ್ಯರ ಕೈಯಿಂದ ಬರುವ ಹೊಡೆತದ ವಿಷಯದಲ್ಲಂತೂ ಪತ್ರ ನೇರವಾಗಿಯೇ ಮಾತಾಡುತ್ತದೆ: ಮುಖಕ್ಕೆ ಹೊಡೆದರೂ ಸಹಿಸಿಕೊಳ್ಳುತ್ತೀರಲ್ಲ ಎಂದು 11:20ರಲ್ಲಿ ಅವರನ್ನು ಗದರಿಸುತ್ತಾನೆ, ಸಹನೆಯನ್ನು ಹೊಗಳುವುದಿಲ್ಲ. ಸ್ವತಃ ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿದ ಅಧಿಕಾರಿಗಳು ತಾವೇ ಬಂದು ಕರೆದುಕೊಂಡು ಹೋಗಲಿ ಎಂದು ರೋಮನ್ ಪೌರನ ಹಕ್ಕನ್ನು ಹಿಡಿದು ಕೂತವನು ಅವನು (ಅಪೊಸ್ತಲರ ಕೃತ್ಯಗಳು 16:37). ಯೆರೂಸಲೇಮಿನಲ್ಲಿ ಕೊರಡೆ ಬೀಳುವ ಮೊದಲೇ ಅದೇ ಹಕ್ಕನ್ನು ಎತ್ತಿದ (22:25).

ನಾಯಕರು ಮಾಡುವ ತಪ್ಪು ಇನ್ನೊಂದು ಬಗೆಯದು. ಲೆಕ್ಕ ಕೇಳಿದಾಗ ‘ನಾನು ಬಲಹೀನ ಪಾತ್ರೆ’ ಎಂದು ಕೈಮುಗಿದು ಜಾರಿಕೊಳ್ಳುವುದು. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣದ ವಿಷಯದಲ್ಲಿ ಪೌಲ ಹೇಗೆ ನಡೆದುಕೊಂಡ ಎಂದು 2 ಕೊರಿಂಥ 8:16–23ರಲ್ಲಿ ನೋಡಿ. ತೀತನ ಜೊತೆ ಇನ್ನಿಬ್ಬರು ಸಹೋದರರನ್ನು ಕಳುಹಿಸಿದ, ಅವರಲ್ಲಿ ಒಬ್ಬನನ್ನು ಸಭೆಗಳೇ ಆರಿಸಿದ್ದವು. ಇಷ್ಟು ದೊಡ್ಡ ಮೊತ್ತದಲ್ಲಿ ಯಾರೂ ತಪ್ಪು ಹೊರಿಸದಂತೆ, ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು. ಬಲಹೀನತೆಯಲ್ಲಿ ಹೆಚ್ಚಳಪಟ್ಟವನ ಲೆಕ್ಕಪತ್ರ ಹೀಗಿತ್ತು.

ಫಿಲಿಪ್ಪಿ 4:13ಕ್ಕೆ ಹೆಚ್ಚು ಮಾತು ಬೇಕಿಲ್ಲ. ಪರೀಕ್ಷೆ, ಪಂದ್ಯ, ವ್ಯಾಪಾರಕ್ಕೆಲ್ಲ ಅದನ್ನು ಅಂಟಿಸುವ ಮೊದಲು ಹಿಂದಿನ ವಚನ ಓದಿದರೆ ಸಾಕು: ಹೊಟ್ಟೆತುಂಬ ಉಂಡಿರಲೂ ಹಸಿದಿರಲೂ ಕಲಿತಿದ್ದೇನೆ. ‘ಎಲ್ಲಕ್ಕೂ’ ಎಂದರೆ ಆ ಎರಡಕ್ಕೂ.

ಪ್ರಕರಣದ ಮುಂದಿನ ಕಥೆ

ಮೂರನೆಯ ಭೇಟಿ ಹೇಗಾಯಿತು ಎಂದು ಪೌಲ ಎಲ್ಲೂ ವರ್ಣಿಸಿಲ್ಲ, ಆದರೆ ಫಲಿತಾಂಶದ ಕುರುಹು ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ಆ ಪತ್ರ ಕೊರಿಂಥದಲ್ಲೇ ಬರೆದದ್ದೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. 16:1ರ ಫೊಯಿಬೆ ಪಕ್ಕದ ಕೆಂಖ್ರೆ ಬಂದರಿನ ಸಭೆಯವಳು. ಪೌಲನಿಗೆ ಆತಿಥ್ಯ ಕೊಟ್ಟ ಗಾಯನ ಹೆಸರೂ (16:23) 1 ಕೊರಿಂಥ 1:14ರಲ್ಲಿ ಸಿಗುತ್ತದೆ. 15:26ರಲ್ಲಿ ಮಕೆದೋನ್ಯದವರ ಜೊತೆ ಅಖಾಯದವರೂ ಸಂತೋಷದಿಂದ ಹಣ ಕೊಟ್ಟರು ಎಂದಿದೆ. ಅಖಾಯವೆಂದರೆ ಕೊರಿಂಥದ ಸೀಮೆ. ಅಂದರೆ ಅವರು ಅವನನ್ನು ಬರಮಾಡಿಕೊಂಡರು, ಅವನ ಕೈಗೆ ಹಣವನ್ನೂ ಒಪ್ಪಿಸಿದರು.

ಅದೇ ಊರಿನಲ್ಲಿ ಕೂತು, ‘ಬಲಹೀನ’ ಎಂಬ ಬಿರುದು ಹೊತ್ತವನು, ಬಹುಶಃ ಕೆಲವೇ ತಿಂಗಳ ನಂತರ ರೋಮ್‌ಗೆ ಬರೆದದ್ದು: ‘ಬಲವುಳ್ಳವರಾದ ನಾವು ಬಲವಿಲ್ಲದವರ ಬಲಹೀನತೆಗಳನ್ನು ಹೊರಬೇಕು, ನಮ್ಮ ಸುಖ ನೋಡಿಕೊಳ್ಳಬಾರದು’ (ರೋಮ 15:1). ತನ್ನನ್ನು ಬಲವುಳ್ಳವರ ಸಾಲಿನಲ್ಲಿ ನಿಲ್ಲಿಸಿಕೊಳ್ಳಲು ಅವನಿಗೆ ಇಲ್ಲಿ ಸಂಕೋಚವಿಲ್ಲ. ಕೊರಿಂಥದಲ್ಲಿ ಬಲವೆಂದರೆ ಜನರ ಮೇಲೆ ಏರಿ ಕೂರುವುದಾಗಿತ್ತು, ಆ ಪದವನ್ನು ಅವನು ಬಿಟ್ಟುಕೊಟ್ಟ. ರೋಮ್‌ಗೆ ಬರೆಯುವಾಗ ಬಲವೆಂದರೆ ಹೊರುವುದು, ಆ ಪದವನ್ನು ಎತ್ತಿಕೊಂಡ.

ಕೊರಿಂಥ ಸಭೆ ಆಮೇಲೆ ನೆಟ್ಟಗೆ ಉಳಿಯಿತು ಎಂದೇನೂ ಇಲ್ಲ. ಸುಮಾರು 40 ವರ್ಷಗಳ ನಂತರ, ಒಂದನೆಯ ಶತಮಾನದ ಕೊನೆಯಲ್ಲಿ, ಅಲ್ಲಿ ಹಿರಿಯರನ್ನೇ ಹುದ್ದೆಯಿಂದ ಇಳಿಸಿದ ಜಗಳವೆದ್ದು ರೋಮ್‌ನ ಸಭೆ ಅವರಿಗೆ ಉದ್ದನೆಯ ಪತ್ರ ಬರೆಯಬೇಕಾಯಿತು. ಕ್ಲೆಮೆಂತನ ಮೊದಲ ಪತ್ರವೆಂದು ಅದು ಉಳಿದುಬಂದಿದೆ. ಪೌಲನ ಪತ್ರವನ್ನು ಕೈಗೆತ್ತಿಕೊಂಡು ಓದಿರಿ ಎಂದು ಅದರ 47ನೆಯ ಅಧ್ಯಾಯ ಹೇಳುತ್ತದೆ. 38ನೆಯ ಅಧ್ಯಾಯದಲ್ಲಿ ಅದೇ ಹಳೆಯ ಎರಡು ಪದಗಳು ಮತ್ತೆ ಅಕ್ಕಪಕ್ಕ ಕೂತಿವೆ: ಬಲವುಳ್ಳವನು ಬಲಹೀನನನ್ನು ನೋಡಿಕೊಳ್ಳಲಿ, ಬಲಹೀನನು ಬಲವುಳ್ಳವನನ್ನು ಗೌರವಿಸಲಿ.